ಮೂರನೆಯ ಕ್ಲಿಕ್

ನನ್ನ ಭಾವನಿಗೆ ಮನುಷ್ಯರ ಮೇಲೆ ದ್ವೇಷವೇನೂ ಇಲ್ಲ. ಅವರು ಅಲುಗಾಡುತ್ತಾರೆ ಎನ್ನುವುದೊಂದೇ ದೂರು.

ಭಾವನಿಗೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಒಂದೇ ನಲ್ಲಿಯ ನೀರನ್ನು ಮೂರು ಬಾಟಲಿಗಳಲ್ಲಿ ಹಿಡಿದು, ಮೂರನ್ನೂ ನೋಡಿ, ಆಮೇಲಷ್ಟೇ ಬಾಯಿ ಬಿಡುವ ಮನುಷ್ಯ. ಹಾಲು ಕೆಟ್ಟಿದೆ ಎಂದು ಅಕ್ಕ ಹೇಳಿದರೂ ಇನ್ನೆರಡು ಸಲ ಮೂಸಿ ನೋಡದೆ ಒಪ್ಪುವವರಲ್ಲ. ಇಂಥವರ ಕೈಗೆ ಯಾರೋ ಎಚ್‌ಡಿಆರ್ ಫೋಟೋಗ್ರಫಿ ಎನ್ನುವ ವಿದ್ಯೆಯನ್ನು ಕೊಟ್ಟರು. ಅದರಲ್ಲಿ ಒಂದೇ ನೋಟವನ್ನು ಮೂರು ಸಲ ತೆಗೆಯಬೇಕು. ಮೊದಲನೆಯದು ಹದವಾಗಿ, ಎರಡನೆಯದು ಕಪ್ಪಗೆ, ಮೂರನೆಯದು ತೀರಾ ಬೆಳ್ಳಗೆ. ಕಂಪ್ಯೂಟರಿನಲ್ಲಿ ಮೂರನ್ನೂ ಸೇರಿಸಿದರೆ ಮೋಡದ ಅಂಚೂ ಕಾಣುತ್ತದೆ, ಬಂಡೆಯ ನೆರಳಲ್ಲಿ ಕೂತ ಇರುವೆಯೂ ಕಾಣುತ್ತದೆ. ಮೂರು ಕ್ಲಿಕ್ಕಿನ ನಡುವೆ ಅಲುಗಾಡಿದ್ದು ಮಾತ್ರ ಅರೆಬರೆಯಾಗಿ, ಹೊಗೆಯ ಹಾಗೆ ಬರುತ್ತದೆ. ಅದಕ್ಕೆ ಇವರ ಭಾಷೆಯಲ್ಲಿ ದೆವ್ವ ಎಂದು ಹೆಸರು.

ಹಾಗಾಗಿ ಭಾವ ಕೋಟೆಗೆ ಹೋದರೆ ಕೋಟೆಯಲ್ಲಿ ಯಾರೂ ಇರಬಾರದು. ಸೇತುವೆಗೆ ಹೋದರೆ ಸೇತುವೆ ಖಾಲಿಯಾಗಬೇಕು. ಪ್ರವಾಸಿಗಳೆಲ್ಲ ಊಟಕ್ಕೆ ಹೋಗುವವರೆಗೆ ಕಾದು, ನಾವು ಊಟ ಬಿಟ್ಟು ಫೋಟೋ ತೆಗೆಯಬೇಕು. ನಾವು ಎಂದರೆ ಭಾವ, ಅಕ್ಕ ಮತ್ತು ಕಾರು ಓಡಿಸಲು ನಾನು. ದಾರಿಯುದ್ದಕ್ಕೂ ಬೆಳಕಿನ ಮೇಲೆ ಕಣ್ಣಿಟ್ಟು ಕೂತವರ ಕೈಗೆ ಸ್ಟೇರಿಂಗ್ ಕೊಡುವ ಧೈರ್ಯ ಅಕ್ಕನಿಗಿರಲಿಲ್ಲ.

ನನ್ನದೂ ಫೋಟೋ ಕಸುಬೇ. ಬಸ್ ನಿಲ್ದಾಣದ ಎದುರು ಎಂಟಡಿ ಅಗಲದ ಸ್ಟುಡಿಯೋ. ಒಂದು ಸ್ಟೂಲು, ಒಂದು ಬಿಳಿ ಪರದೆ, ದಾರದಲ್ಲಿ ಬಾಚಣಿಗೆ ಕಟ್ಟಿದ ಒಂದು ಕನ್ನಡಿ, ಒಳಗಡೆ ಒಂದು ದೊಡ್ಡ ಪ್ರಿಂಟರ್. ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಬರುವವರೇ ಹೆಚ್ಚು. ಭಾವ ಅದನ್ನು ಫೋಟೋ ಎಂದು ಒಪ್ಪುವುದಿಲ್ಲ.

"ಬಿಳಿ ಪರದೆ ಮುಂದೆ ಕೂರಿಸಿ ಹೊಡೆಯೋದು ಫೋಟೋ ಅಲ್ಲಪ್ಪ, ದಾಖಲೆ," ಎನ್ನುತ್ತಾರೆ. ಹಾಗೆ ಹೇಳುತ್ತಲೇ ತಮ್ಮ ಕೋಟೆ ಕೊತ್ತಲಗಳನ್ನು ನಾಲ್ಕಡಿ ಅಗಲಕ್ಕೆ ಪ್ರಿಂಟ್ ಹಾಕಿಸಲು ನನ್ನ ಅಂಗಡಿಗೇ ಬರುತ್ತಾರೆ. ಆ ಚಿತ್ರಗಳಲ್ಲಿ ಆಕಾಶ ನೇರಳೆ ಬಣ್ಣ. ಕಲ್ಲುಗಳೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು ಬಂದ ಮಕ್ಕಳ ಹಾಗೆ ಮಿರಮಿರ ಮಿಂಚುತ್ತಿರುತ್ತವೆ. ನಾನು ತುಟಿ ಬಿಚ್ಚದೆ ಪ್ರಿಂಟ್ ಹಾಕಿಕೊಡುತ್ತೇನೆ, ಅಕ್ಕನ ಗಂಡ ನೋಡಿ.

ಇದರಲ್ಲಿ ಅಕ್ಕನ ಪಾತ್ರವೇನು ಎಂದು ಕೇಳಬೇಡಿ, ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅವಳು ಹುಬ್ಬೆತ್ತಿದರೆ ನಲವತ್ತು ಮಕ್ಕಳು ಗಪ್‌ಚುಪ್. ಅಂಥವಳು ಪ್ರವಾಸದಲ್ಲಿ ಟ್ರೈಪಾಡಿನ ಕಾಲು ಹಿಡಿದು ಕೂರುತ್ತಾಳೆ, ಗಾಳಿಗೆ ಅದು ನಡುಗಬಾರದೆಂದು. "ಉಸಿರು ಹಿಡಿ," ಎನ್ನುತ್ತಾರೆ ಭಾವ. ಟಕ್, ಟಕ್, ಟಕ್. "ಹ್ಞಾ, ಬಿಡು." ಇಪ್ಪತ್ತೈದು ವರ್ಷ, ಮೂವತ್ತೊಂದು ಪ್ರವಾಸ. ಭಾವನ ಕ್ಯಾಮೆರಾದಲ್ಲಿ ಅಕ್ಕನ ಒಂದೇ ಒಂದು ಫೋಟೋ ಇಲ್ಲ.

ಈ ಲೆಕ್ಕ ನಾನು ಹಾಕಿದ್ದಲ್ಲ, ಅವಳೇ ಹಾಕಿದ್ದು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಎರಡು ತಿಂಗಳಿರುವಾಗ ಶಾಲೆ ಮುಗಿಸಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ನನಗೊಂದು ಫೋಟೋ ಬೇಕು ಕಣೋ. ನಾವಿಬ್ರೂ ಇರೋದು. ಹಾಲ್‌ನಲ್ಲಿ ಹಾಕೋದಕ್ಕೆ."

"ಅದಕ್ಕೇನಂತೆ, ಭಾವನ್ನ ಕರ್ಕೊಂಡು ಬಾ. ಐದು ನಿಮಿಷದ ಕೆಲಸ."

"ನಿನ್ನ ಕ್ಯಾಮೆರಾ ಬೇಡ. ಫೋನಲ್ಲೂ ಬೇಕಾದಷ್ಟಿವೆ. ಅವರ ಕ್ಯಾಮೆರಾದಲ್ಲಿ ಬೇಕು. ಹಾಲ್ ತುಂಬ ಕೋಟೆ ನೇತಾಕಿದ್ದಾರೆ, ಗೋಪುರ ನೇತಾಕಿದ್ದಾರೆ. ಅವರು ಅಷ್ಟು ಹೊತ್ತು ಕಾದು ನೋಡಿದ್ರಲ್ಲಿ ನಾನೂ ಒಂದ್ಸಲ ಇರ್ಬೇಕು. ಅಷ್ಟೇ."

ಕನ್ನಡಿ ನೋಡುವ ನೆಪದಲ್ಲಿ ಎದ್ದು ಬಾಚಣಿಗೆ ಕೈಗೆತ್ತಿಕೊಂಡಳು.

ಭಾವ ತಕ್ಷಣ ಒಪ್ಪಿದರು. ಕೆಟ್ಟ ಮನುಷ್ಯರಲ್ಲ ಅವರು, ಯಾರೂ ಕೇಳಿರಲಿಲ್ಲ ಅಷ್ಟೇ. ಆದರೆ ಒಪ್ಪಿದ್ದು ತಮ್ಮ ರೀತಿಯಲ್ಲಿ. ಮನೆಯ ಬಾಗಿಲಲ್ಲಿ ನಿಂತು ತೆಗೆಸಿಕೊಳ್ಳುವುದೇ? ಛೇ! ಮುನ್ನೂರು ಮೈಲಿ ದೂರದ ಸಮುದ್ರದಂಡೆಯಲ್ಲಿ ಒಂದು ಪ್ರಸಿದ್ಧ ಲೈಟ್‌ಹೌಸ್ ಇದೆ, ನೂರ ಮೂವತ್ತಡಿ ಎತ್ತರ, ಹಾಲಿನಂಥ ಬಿಳಿ ಬಣ್ಣ. ಅದರ ಹಿಂದೆ ಸೂರ್ಯ ಇಳಿಯುವ ಹೊತ್ತಿಗೆ ಮುಂದಿನ ಬಂಡೆಯ ಮೇಲೆ ಇಬ್ಬರೂ ನಿಲ್ಲುವುದು. ಎಚ್‌ಡಿಆರ್‌ನಲ್ಲಿ, ಮೂರು ಕ್ಲಿಕ್.

ಮಧ್ಯಾಹ್ನವೇ ಅಲ್ಲಿಗೆ ಮುಟ್ಟಿದೆವು. ಭಾವ ಟ್ರೈಪಾಡ್ ನಿಲ್ಲಿಸಿ ತಾಲೀಮು ಶುರು ಮಾಡಿದರು. ಗುಂಡಿ ಒತ್ತಿ ಹತ್ತು ಸೆಕೆಂಡಿಗೆ ಮೊದಲ ಕ್ಲಿಕ್. ಆಮೇಲೆ ಎರಡು ಸೆಕೆಂಡಿಗೊಂದು, ಕ್ಯಾಮೆರಾ ನಡುಗಬಾರದೆಂದು ಅವರೇ ಇಟ್ಟ ಬಿಡುವು. ಬಂಡೆಗೂ ಕ್ಯಾಮೆರಾಕ್ಕೂ ನಡುವೆ ನೀರಿನ ಹೊಂಡ ಇದ್ದದ್ದರಿಂದ ಬದಿಯಿಂದ ಬಳಸಿ ಓಡಬೇಕು. ಒಟ್ಟು ಇಪ್ಪತ್ತೆರಡು ಹೆಜ್ಜೆ. ಭಾವ ಮೂರು ಸಲ ಓಡಿ ನೋಡಿದರು. ಮೂರು ಸಲವೂ ಒಂಬತ್ತು ಸೆಕೆಂಡು.

ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದವನೊಬ್ಬನಿಗೆ ನೋಡಿ ನೋಡಿ ಕರುಣೆ ಬಂತು. "ಕೊಡಿ ಸಾರ್, ಇಬ್ಬರದ್ದೂ ನಾನೇ ತೆಗೀತೀನಿ," ಎಂದ.

"ಬೇಡಪ್ಪ. ಬೇರೆಯವರ ಕೈ ತಾಗಿದ್ರೆ ಅಲುಗಾಡತ್ತೆ."

"ನಾನಿದ್ದೀನಲ್ಲ ಭಾವ," ಎಂದೆ. "ನನಗೆ ಇದೇ ಹೊಟ್ಟೆಪಾಡು."

"ನೀನಂತೂ ಬೇಡವೇ ಬೇಡ. ಎರಡೂ ಕಿವಿ ಕಾಣೋ ಹಾಗೆ ತೆಗೀತೀಯ."

ಗಾಳದವನು ನಕ್ಕ. ನಾನು ಮುಖ ಊದಿಸಿಕೊಂಡು ಕಾರಿನ ಹತ್ತಿರ ಹೋಗಿ ಕೂತೆ.

ಸಂಜೆಯಾಯಿತು. ಅಕ್ಕ ಸೀರೆಯ ನೆರಿಗೆ ಸರಿಪಡಿಸಿಕೊಂಡು ಬಂಡೆ ಹತ್ತಿದಳು. ಭಾವ ಮೂರು ಸಲ ಫೋಕಸ್ ನೋಡಿದರು. "ಅಲುಗಾಡಬೇಡ. ಉಸಿರು ಹಿಡಿ," ಎಂದು ಕೂಗಿ, ಗುಂಡಿ ಒತ್ತಿ ಓಡಿದರು. ಒಣಗಿದ್ದ ಕಲ್ಲುಗಳ ಮೇಲೆ ಸಂಜೆ ಅಲೆಯ ನೀರು ಬಂದಿತ್ತು. ಅದನ್ನು ಮಾತ್ರ ಅವರು ಒಂದು ಸಲವೂ ಪರೀಕ್ಷಿಸಿರಲಿಲ್ಲ.

ಮೊದಲ ಟಕ್ ಆದಾಗ ಭಾವ ಇನ್ನೂ ಹೊಂಡದ ಆಚೆ ಇದ್ದರು, ಚೌಕಟ್ಟಿನ ಹೊರಗೆ. ಎರಡನೇ ಟಕ್‌ಗೆ ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಗಾಳಿಯಲ್ಲಿ, ಆ ಕಾಲಿನ ಚಪ್ಪಲಿ ಕಾಲಿಗಿಂತ ಒಂದಡಿ ಮುಂದೆ. ಮೂರನೇ ಟಕ್ ಹೊತ್ತಿಗೆ ಜಾರಿ ಬಂದು ಅಕ್ಕನ ಮೇಲೇ ಬಿದ್ದರು. ಅಕ್ಕ ಅವರ ತೋಳು ಹಿಡಿದು ಎಳೆದುಕೊಂಡಳು. ಅವಳು ನಕ್ಕ ಸದ್ದು ಕಾರಿನ ತನಕ ಕೇಳಿಸಿತು.

ಎರಡು ದಿನ ಬಿಟ್ಟು ಭಾವ ನನ್ನ ಅಂಗಡಿಗೆ ಬಂದರು. ಮೂರು ಚಿತ್ರಗಳನ್ನೂ ಕಂಪ್ಯೂಟರಿಗೆ ಹಾಕಿ, ಕೈಕಟ್ಟಿ ನಿಂತರು. ಬಂತು ಚಿತ್ರ. ಸುಳ್ಳು ಹೇಳಬಾರದು, ಲೈಟ್‌ಹೌಸ್ ಅಮೋಘವಾಗಿ ಬಂದಿತ್ತು. ಮೋಡ ಪದರ ಪದರವಾಗಿ ಕಾಣುತ್ತಿತ್ತು. ಎರಡು ಕ್ಲಿಕ್ಕಿನಲ್ಲಿ ಕಲ್ಲಾಗಿ ನಿಂತಿದ್ದ ಅಕ್ಕ, ಕೆತ್ತಿಟ್ಟಂತೆ ನಿಚ್ಚಳವಾಗಿದ್ದಳು. ಅವಳ ಪಕ್ಕದಲ್ಲಿ ಮಾತ್ರ ಏನೋ ಹೊಗೆಯಾಡುತ್ತಿತ್ತು, ಮೇಲೊಂದು ಚಪ್ಪಲಿ ತೇಲುತ್ತಿತ್ತು.

"ಪರವಾಗಿಲ್ಲ, ಅದಕ್ಕೆ ಗುಂಡಿ ಇದೆ," ಎಂದು ಭಾವ ದೆವ್ವ ಬಿಡಿಸುವ ಗುಂಡಿ ಒತ್ತಿದರು. ಕಂಪ್ಯೂಟರು ಮೊದಲ ಕ್ಲಿಕ್ಕನ್ನೇ ಸತ್ಯವೆಂದು ನಂಬಿ, ಅದರಲ್ಲಿ ಇಲ್ಲದ್ದನ್ನೆಲ್ಲ ಒರೆಸಿಹಾಕಿತು. ಹೊಗೆ ಹೋಯಿತು, ಚಪ್ಪಲಿ ಹೋಯಿತು, ಭಾವ ಹೋದರು. ಲೈಟ್‌ಹೌಸ್ ಮುಂದೆ ಅಕ್ಕ ಒಬ್ಬಳೇ ನಿಂತಿದ್ದಳು.

"ನನ್ನನ್ಯಾಕೆ ತೆಗೀತು ಇದು?"

"ನೀವು ಅಲುಗಾಡಿದ್ರಿ ಭಾವ," ಎಂದೆ. ಈ ಮಾತು ಹೇಳುವಾಗ ನನಗೆ ಎಷ್ಟು ಹಿತವಾಯಿತೆಂದು ಮುಚ್ಚಿಡುವುದಿಲ್ಲ.

ಅವರ ಮುಖ ಸಪ್ಪಗಾಯಿತು. ಸ್ಟೂಲಿನ ಮೇಲೆ ಕೂತರು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಹೋದ ವರ್ಷ ನಂದೊಂದು ಪಾಸ್‌ಪೋರ್ಟ್ ಸೈಜ್ ತೆಗೆದಿದ್ಯಲ್ಲ, ಇದೆಯಾ? ಅದನ್ನ ಕತ್ತರಿಸಿ ಇವಳ ಪಕ್ಕ ಅಂಟಿಸಿಬಿಡು. ಅವಳಿಗೆ ಹೇಳಬೇಡ."

ದಾಖಲೆ ಉಪಯೋಗಕ್ಕೆ ಬಂತು. ಅಂಟಿಸಿದೆ. ಸಮುದ್ರದ ಗಾಳಿಗೆ ಅಕ್ಕನ ಸೆರಗು ಹಾರುತ್ತಿದೆ, ಪಕ್ಕದಲ್ಲಿ ಭಾವ ಒಂದು ಕೂದಲೂ ಕದಲದೆ, ಎರಡೂ ಕಿವಿ ತೋರಿಸಿಕೊಂಡು, ಪೊಲೀಸರ ಮುಂದೆ ನಿಂತವರ ಹಾಗೆ ನಿಂತಿದ್ದಾರೆ. ಎದೆಯ ಕೆಳಗೆ ಏನೂ ಇಲ್ಲದ್ದರಿಂದ ಒಂದು ಬಂಡೆಯನ್ನು ನಕಲು ಮಾಡಿ ಅವರ ಮುಂದೆ ಇಟ್ಟೆ. "ಪರವಾಗಿಲ್ಲ, ಪ್ರಿಂಟ್ ಹಾಕು," ಎಂದರು ಭಾವ, ಆಕಾಶದಲ್ಲಿ ಒಂದು ಚುಕ್ಕೆ ಹೆಚ್ಚಾದರೂ ರಾಗ ತೆಗೆಯುತ್ತಿದ್ದವರು.

ಅಷ್ಟರಲ್ಲಿ ಅಕ್ಕ ಬಂದಳು. ಚೀಲ ಕೆಳಗಿಟ್ಟು ಕಂಪ್ಯೂಟರಿನ ಪರದೆಯತ್ತ ಬಗ್ಗಿ ನೋಡಿದಳು.

"ಇವರು ಯಾರು?"

"ನಾನೇ ಕಣೇ," ಎಂದರು ಭಾವ, ಕಳ್ಳ ಸಿಕ್ಕಿಬಿದ್ದ ಧ್ವನಿಯಲ್ಲಿ.

ಅವಳು ನಗಲಿಲ್ಲ. ಎರಡು ತಿಂಗಳಿಂದ ಕಾದಿದ್ದಳು, ಮುನ್ನೂರು ಮೈಲಿ ಹೋಗಿ ಬಂದಿದ್ದಳು. ಕಡೆಗೆ ಗಂಡನ ಕ್ಯಾಮೆರಾದಲ್ಲಿ ಅವಳಿಗೆ ಸಿಕ್ಕಿದ್ದು ಅಂಟಿಸಿದ ಗಂಡ.

"ಅವತ್ತು ಮೂರು ಸಲ ಟಕ್ ಅಂದಿತ್ತಲ್ಲ," ಎಂದಳು ನನಗೆ. "ಮೂರನ್ನೂ ಬೇರೆ ಬೇರೆಯಾಗಿ ತೋರಿಸು."

"ಅದರಲ್ಲೇನಿದೆ? ಅವು ಬರೀ ಕಚ್ಚಾ ಮಾಲು," ಎಂದು ಭಾವ ತಡೆಯುವಷ್ಟರಲ್ಲಿ ನಾನು ತೆರೆದಿದ್ದೆ. ಮೊದಲನೆಯದರಲ್ಲಿ ಅಕ್ಕ ಒಬ್ಬಳೇ. ಎರಡನೆಯದು ಕಪ್ಪು, ಚಪ್ಪಲಿಯೊಂದು ಗೊತ್ತಾಗುತ್ತಿತ್ತು. ಮೂರನೆಯದು ತೀರಾ ಬೆಳ್ಳಗಿನದು. ಅದರಲ್ಲಿ ಆಕಾಶವಿಲ್ಲ, ಸೂರ್ಯನಿಲ್ಲ, ಬಿಳಿ ಲೈಟ್‌ಹೌಸ್ ಬಿಳಿ ಬೆಳಕಿನಲ್ಲಿ ಸೇರಿಹೋಗಿ ಗುರುತೂ ಉಳಿದಿಲ್ಲ. ಬೆಳಕಿಗೆ ಬೆನ್ನು ಕೊಟ್ಟು ನಿಂತ ಇಬ್ಬರ ಮುಖ ಮಾತ್ರ, ಬೇಕಾದಷ್ಟೇ ಬೆಳಕು ಬಿದ್ದು, ಚೆನ್ನಾಗಿ ಬಂದಿತ್ತು. ಭಾವ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಾರೆ. ಅಕ್ಕ ಅವರ ತೋಳು ಎರಡೂ ಕೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾಳೆ.

"ಅದು ಹಾಳಾಗಿದೆ," ಎಂದರು ಭಾವ. "ಆಕಾಶ ಸುಟ್ಟೋಗಿದೆ. ಲೈಟ್‌ಹೌಸೇ ಇಲ್ಲ."

ಅಕ್ಕ ಅದನ್ನೇ ನೋಡುತ್ತಿದ್ದಳು. "ರೀ, ನಾನು ಹೀಗಾ ನಗೋದು?"

ಭಾವ ಕನ್ನಡಕ ಮೇಲೆತ್ತಿ ಹತ್ತಿರ ಬಂದರು. ಬಹಳ ಹೊತ್ತು ನೋಡಿದರು.

"ನನಗೆ ಗೊತ್ತಿರಲಿಲ್ಲ," ಎಂದರು.

ಅದನ್ನೇ ಪ್ರಿಂಟ್ ಹಾಕಿದೆ. ಹಾಲ್‌ನ ದೊಡ್ಡ ಕೋಟೆಯನ್ನು ಇಳಿಸಿ ಆ ಜಾಗದಲ್ಲಿ ಅದನ್ನು ಏರಿಸಿದರು. ಮದುವೆಯ ಇಪ್ಪತ್ತೈದನೇ ವರ್ಷದ ಊಟಕ್ಕೆ ಬಂದ ನೆಂಟರೆಲ್ಲ ಅದರ ಮುಂದೆ ನಿಂತರು. "ಭಾರಿ ಚೆನ್ನಾಗಿದೆ! ತಮ್ಮನ ಸ್ಟುಡಿಯೋದಲ್ಲಿ ತೆಗೆಸಿದ್ದಾ?" ಎಂದರು ಎಲ್ಲರೂ.

"ಸ್ಟುಡಿಯೋ ಅಲ್ಲ. ಹಿಂದೆ ಲೈಟ್‌ಹೌಸ್ ಇದೆ," ಎಂದರು ಭಾವ. "ನೂರ ಮೂವತ್ತಡಿ."

ನೆಂಟರು ಕಣ್ಣು ಕಿರಿದು ಮಾಡಿ ಬಿಳಿಯನ್ನು ನೋಡಿ, ಹೌದೌದು ಎಂದು ತಲೆಯಾಡಿಸಿ ಊಟಕ್ಕೆ ಹೋದರು. ಆ ವಾರ ಅಂಥದ್ದೇ ಫೋಟೋ ಬೇಕೆಂದು ನಾಲ್ಕು ದಂಪತಿಗಳು ನನ್ನ ಬಿಳಿ ಪರದೆ ಹುಡುಕಿಕೊಂಡು ಬಂದರು.

ಐದನೆಯ ಜೋಡಿ ಭಾವ ಮತ್ತು ಅಕ್ಕ. ಭಾವ ಕ್ಯಾಮೆರಾ, ಟ್ರೈಪಾಡ್ ಎಲ್ಲ ಹೊತ್ತು ತಂದಿದ್ದರು. ಮತ್ತೆ ನಗುವುದನ್ನು ತೆಗೆಯಬೇಕಂತೆ. ಒಂದು ಸಾಲದಂತೆ, ಮೂರು ಬೇಕಂತೆ. ಅಕ್ಕನನ್ನು ಪರದೆಯ ಮುಂದೆ ನಿಲ್ಲಿಸಿ ಕ್ಯಾಮೆರಾದ ಹಿಂದೆ ಬಗ್ಗಿದರು. ಅವರು ಬಗ್ಗಿದ್ದೇ ತಡ, ಅಕ್ಕ ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಉಸಿರು ಹಿಡಿದಳು.

"ಉಸಿರು ಬಿಡೇ," ಎಂದರು ಭಾವ.

"ಬಿಟ್ಟೇ ಇದ್ದೀನಲ್ಲ."

"ಎಲ್ಲಿ ಬಿಟ್ಟಿದ್ದೀಯ? ಸ್ವಲ್ಪ ಅಲುಗಾಡು. ಆಕಡೆ ಈಕಡೆ ನೋಡು. ಏನಾದ್ರೂ ಮಾಡು."

ಅಕ್ಕ ನಿಜವಾಗಿಯೂ ಪ್ರಯತ್ನಪಟ್ಟಳು. ಕಣ್ಣು ಭಾವನ ಕಡೆ ತಿರುಗಿತು, ತುಟಿ ಒಂದಿಷ್ಟು ಕದಲಿತು. ಅಷ್ಟರಲ್ಲಿ ಕ್ಯಾಮೆರಾ ಟಕ್ ಎಂದಿತು, ಅವಳು ಮತ್ತೆ ಕಲ್ಲಾದಳು. ಟಕ್. ಟಕ್. ಆಮೇಲೆ ಮೂರನ್ನೂ ಕಂಪ್ಯೂಟರಿಗೆ ಹಾಕಿ ನೋಡಿದೆವು. ಮೂರರ ನಡುವೆ ಅಕ್ಕ ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಒಂದರ ಮೇಲೊಂದು ಇಟ್ಟರೆ ಎಲ್ಲೂ ಹೊಗೆಯಿಲ್ಲ, ದೆವ್ವವಿಲ್ಲ. ಭಾವನ ಶಾಸ್ತ್ರದ ಪ್ರಕಾರ ಅದಕ್ಕಿಂತ ಒಳ್ಳೆಯದು ಅವರು ಜನ್ಮದಲ್ಲಿ ತೆಗೆದಿರಲಿಲ್ಲ.

ಭಾವ ಒಂದೊಂದನ್ನೂ ಮೂರು ಮೂರು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ನನಗೆ ಮೆಲ್ಲಗೆ ಹೇಳಿದರು.

"ಮೂರೂ ಹಾಳಾಗಿದೆ ಕಣೋ."