ಮಲವಗೊಪ್ಪ ದಾಟಿದ ಮೇಲೆ

ಹಳದಿ ಸೀರೆಯವರೊಬ್ಬರು ಮಲವಗೊಪ್ಪದಲ್ಲಿ ಇಳಿದರು, ಇಳಿಯುವಾಗ ಚೀಲ ಬಾಗಿಲಿಗೆ ಸಿಕ್ಕಿಕೊಂಡು ಒಂದು ಕ್ಷಣ ಬಸ್ಸೇ ಅವರನ್ನು ಹಿಡಿದು ನಿಲ್ಲಿಸಿಕೊಂಡ ಹಾಗೆ ಕಂಡಿತು, ಬಿಟ್ಟಿತು, ಹೊರಟಿತು, ಇನ್ನು ಫೋನ್ ತೆಗೆಯಬೇಕು, ಮಲವಗೊಪ್ಪದವರೆಗೆ ಮೌನ ನನ್ನದು, ದಾಟಿದ ಮೇಲೆ ಮಾತು ಕಂಪನಿಯದು, ನನಗೆ ನಾನೇ ಮಾಡಿಕೊಂಡ ಕರಾರು, ಇಲ್ಲದಿದ್ದರೆ ಭದ್ರಾವತಿ ಬಂದರೂ ಕಿಟಕಿಯಾಚೆ ನೋಡುತ್ತಲೇ ಇರುತ್ತಿದ್ದೆ — ಸೇಲ್ಸ್ ಅಂದ್ರೆ ಮಾತಲ್ಲ ಕಣ್ರೀ ಪ್ರಣವ, ರೂಢಿ, ಮೂಡ್ ಇದ್ರೆ ಮಾತ್ರ ಹಲ್ಲುಜ್ತೀರಾ ನೀವು, ಕೆಲಸಕ್ಕೆ ಸೇರಿದ ವಾರ ನಮ್ಮ ಮ್ಯಾನೇಜರ್ ಸೌಂದರ್ಯ ಮೇಡಂ ಕೇಳಿದ್ದು, ಆಮೇಲೆ ಅವರೇ ನಕ್ಕಿದ್ದು, ಮನೆಯಲ್ಲಿ ಅಮ್ಮನಿಗೆ ಇನ್ನೂ ನಗು, ಎರಡು ಮಾತು ಕೇಳಿದ್ರೆ ಒಂದಕ್ಕೆ ಹೂಂ ಅನ್ನೋನು ಊರಿಗೆಲ್ಲ ಕಿವಿ ಮಿಷನ್ ಮಾರ್ತಾನಂತೆ, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ಕೂತವನಿಗೆ ಈಗ ದಿನಾ ಬಾಗಿಲು ತಟ್ಟುವುದೇ ಕೆಲಸ, ತಟ್ಟುವ ಮುಂಚೆ ಗಂಟಲು ಒಣಗುತ್ತದೆ, ಈಗಲೂ, ಆದರೆ ಬೆರಳು ಗಂಟಲನ್ನು ಕೇಳುವುದಿಲ್ಲ, ತಟ್ಟಿಬಿಡುತ್ತದೆ, ರೂಢಿ ಅಂದರೆ ಇಷ್ಟೇ ಇರಬೇಕು — ರಿಂಗಾಗುತ್ತಿದೆ, ಹಲೋ ಹಾಲಮ್ಮನವರಾ, ನಾನು ಪ್ರಣವ, ಹೂಂ ಗೊತ್ತಾತು, ಬರೋದಾದ್ರೆ ಬಾರಪ್ಪ, ಅವರಂತೂ ಮಿಷನ್ನು ಡಬ್ಬಿಗೆ ಹಾಕಿಟ್ಟು ಕೂತವ್ರೆ, ತಗಂಡೋಗು — ಹಾಲಮ್ಮ ಫೋನಿನಲ್ಲೂ ಎಷ್ಟು ಜೋರು, ಮುಂದಿನ ಸೀಟಿನವನು ತಿರುಗಿ ನೋಡಿದ.

ತಗಂಡೋಗು. ಅವರ ಗಂಡ ಪುಟ್ಟಯ್ಯನವರಿಗೆ ಮಿಷನ್ ಹಾಕಿದ್ದು ನಾನೇ, ಕಬ್ಬಿಣದ ಫ್ಯಾಕ್ಟರಿಯ ರೋಲಿಂಗ್ ಮಿಲ್ಲಿನ ಸದ್ದಿನಲ್ಲಿ ದುಡಿದು ಕಿವಿ ಕಳೆದುಕೊಂಡವರು, ಬೇಡ ಎನಿಸಿದರೆ ವಾಪಸ್ ಕೊಡಬಹುದು, ಇವತ್ತೇ ಕೊನೆಯ ದಿನ, ನಾನು ಮಾರಿದ್ದು ಈಗಾಗಲೇ ಎರಡು ವಾಪಸ್ ಬಂದಿವೆ, ಇನ್ನೊಂದು ಬಂದ್ರೆ ನಿಮ್ಮನ್ನ ಖಾಯಂ ಮಾಡಿ ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ, ಮೇಡಂ ಹಾಗಂದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು, ಜೊತೆಗೆ ಕೆಲಸ ಮಾಡುವ ಸಂಜಯ್‌ಗೆ ಈ ತಾಪತ್ರಯವಿಲ್ಲ, ಅವನು ಮಾರುತ್ತಾನೆ, ಮರೆಯುತ್ತಾನೆ, ಮಾರಿದ ಮನೆಗೇ ದಿನಾ ಹೋಗ್ತೀಯಲ್ಲ ಮಾರಾಯ, ಅಳಿಯ ಆಗೋ ಪ್ಲಾನಾ — ಇರಲಿ, ಇದು ನನ್ನ ಇನ್ನೊಂದು ರೂಢಿ, ಮಿಷನ್ ಹಾಕಿದ ಮನೆಗೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ಸುಮ್ಮನೆ ಕೂತು ಬರುವುದು, ಹೊಸದಾಗಿ ಏನನ್ನೂ ಮಾರದೆ, ಕೂರುವುದೊಂದು ನನಗೆ ಚೆನ್ನಾಗಿ ಬರುತ್ತದೆ, ಆದರೆ ಪುಟ್ಟಯ್ಯನವರ ಮನೆಯಲ್ಲಿ ನಾನು ಕೂತದ್ದರಿಂದ ಏನಾಯಿತು, ಅವರು ದಿನಾ ಒಂದೇ ಮಾತು ಹೇಳುತ್ತಾರೆ, ತಮ್ಮಾ, ಇದು ಮಾತು ಕೇಳ್ಸಲ್ಲ, ತಲೆ ಒಡೀತದೆ, ದಿನಾ ಸೌಂಡ್ ಇಳಿಸಿ ಬಂದಿದ್ದೇನೆ, ಇನ್ನೂ ಇಳಿಸಿದರೆ ಮಿಷನ್ ಇದ್ದೂ ಇಲ್ಲದ ಹಾಗೆ, ಭದ್ರಾ ಹೊಳೆಯ ಸೇತುವೆ ಬಂತು, ನೀರು ಎಷ್ಟು ನಿಧಾನ, ಅದಕ್ಕೆ ಕೊನೆಯ ದಿನ ಎಂಬುದಿಲ್ಲ.

ಬಾಗಿಲಲ್ಲೇ ಹಾಲಮ್ಮ, ಬಾಪ್ಪಾ ಕೂತ್ಕೋ, ಒಳಗೆ ಕಬ್ಬಿಣದ ಕುರ್ಚಿಯಲ್ಲಿ ಪುಟ್ಟಯ್ಯ, ಟೀಪಾಯಿಯ ಮೇಲೆ ಬಿಳಿ ಡಬ್ಬಿ ಸಿದ್ಧವಾಗಿದೆ, ಪರೀಕ್ಷೆಯ ಕೊಠಡಿಯಿಂದ ಬೇಗ ಹೊರಡುವವನ ಉತ್ತರಪತ್ರಿಕೆಯ ಹಾಗೆ, ಕೊನೆಯದಾಗಿ ಒಂದು ಸಲ ಹಾಕ್ಕೊಳ್ಳಿ ಯಜಮಾನ್ರೇ, ನನಗೋಸ್ಕರ, ಪಾಪ, ಹಾಕಿಕೊಂಡರು, ನಾನು ಅವರ ಪಕ್ಕಕ್ಕೆ ಸರಿದು ಕೂತೆ, ಎದುರು ಕೂತರೆ ಇವರು ತುಟಿ ನೋಡಿಯೇ ಉತ್ತರ ಕೊಟ್ಟುಬಿಡುತ್ತಾರೆ, ಮಿಲ್ಲಿನ ಸದ್ದಿನಲ್ಲಿ ಕಲಿತ ವಿದ್ಯೆ, ಫ್ಯಾನಿನ ಸದ್ದು, ಹೊರಗೆ ತಮಿಳಿನಲ್ಲಿ ಯಾರೋ ಹೂವಿನ ಬೆಲೆ ಕೇಳುತ್ತಿರುವುದು, ಪುಟ್ಟಯ್ಯ ಆರಾಮಾಗಿಯೇ ಇದ್ದಾರೆ, ಮುಖದಲ್ಲಿ ನೋವಿಲ್ಲ, ಆಗ ಹಾಲಮ್ಮ ಅವರ ಹೆಗಲ ಮೇಲೆ ಬಗ್ಗಿ, ಕಾಫಿ ಕುಡೀತೀರೇನ್ರೀ — ಪುಟ್ಟಯ್ಯ ಕಿವಿ ಮುಚ್ಚಿಕೊಂಡರು, ನಾನೂ ಬೆಚ್ಚಿದೆ, ಕೈಯಲ್ಲಿದ್ದ ಬ್ಯಾಗು ಜಾರಿತು, ಬಗ್ಗಿ ಎತ್ತಿಕೊಳ್ಳುವಾಗ ಹೊಳೆಯಿತು, ಇಷ್ಟು ದಿನ ನಾನು ಮಿಷನ್ನನ್ನು ನೋಡುತ್ತಿದ್ದೆ, ಈ ಮನೆಯ ಗಂಟಲನ್ನು ನೋಡಲಿಲ್ಲ, ಕಿವಿ ಹೋದಂದಿನಿಂದ ಇಡೀ ಮನೆ ಕೂಗಿಯೇ ಬದುಕಿದೆ, ಕಿವಿ ವಾಪಸ್ ಬಂದರೂ ಕೂಗು ನಿಂತಿಲ್ಲ, ರೂಢಿ, ಅದಕ್ಕೂ ಅದೇ ಹೆಸರು — ಅಮ್ಮಾ, ಸ್ವಲ್ಪ ಮೆತ್ತಗೆ ಕೇಳ್ತೀರಾ, ಮೆತ್ತಗೇ ಅಲ್ವೇನಪ್ಪ ಕೇಳಿದ್ದು, ಇನ್ನೂ ಮೆತ್ತಗೆ, ಹಾಲಮ್ಮ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು, ಕಾಫಿ ಎಂಬ ಅದೇ ಮಾತು ಅದೇ ಎತ್ತರದಲ್ಲಿ ಬಂತು, ಪುಟ್ಟಯ್ಯ ಮತ್ತೆ ಕಿವಿಗೆ ಕೈ, ನೋಡ್ದಾ ತಮ್ಮಾ ನಿನ್ನ ಮಿಷನ್ನು, ಹಾಲಮ್ಮನ ಕಣ್ಣಲ್ಲಿ ನೀರೇ ಬಂತು, ನಂಗೆ ಮರ್ತೋಗಿದೆ ಕಣಪ್ಪ, ಮೆತ್ತಗೆ ಮಾತಾಡೋದು ಹೆಂಗೇಂತ್ಲೇ ಮರ್ತೋಗಿದೆ, ಅಂದವರೇ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಎದ್ದುಹೋದರು.

ಮುಗಿಯಿತು ಅಂದುಕೊಂಡೆ, ಪುಟ್ಟಯ್ಯನ ಕೈ ಮಿಷನ್ ತೆಗೆಯಲು ಕಿವಿಯ ಹತ್ತಿರ ಹೋಗಿದೆ, ಇನ್ನೊಂದು ನಿಮಿಷ ಕೂತಿದ್ದು ಏಳೋಣ, ಎದ್ದು ಮೇಡಂಗೆ ಏನು ಹೇಳುವುದು, ಒಳಗೆ ಸ್ಟೌ ಹಚ್ಚಿದ ಸದ್ದು, ನಮಗೆ ಬೆನ್ನು ಹಾಕಿ ನಿಂತ ಹಾಲಮ್ಮ ಹಾಲಿನ ಪಾತ್ರೆಯ ಜೊತೆ ಮಾತಾಡುತ್ತಿದ್ದಾರೆ, ತಮಗೇ ತಾವು, ಗೊಣಗು, ತೀರಾ ಸಣ್ಣ ದನಿ, ಒಂದ್ ಮಾತಿಗೆ ಹತ್ತು ಸಲ ಕೂಗಿಸ್ಕೊಂಡ ಮುದುಕ, ಈಗ ನಾನು ಕೂಗೋದೇ ತಪ್ಪಂತೆ, ಸಕ್ಕರೆ ಬ್ಯಾಡ ಅಂದ್ರೂ ಕದ್ದು ಹಾಕ್ಕಂತದೆ — ಪುಟ್ಟಯ್ಯನ ಕೈ ಅಲ್ಲೇ ನಿಂತಿತು, ತಲೆ ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿತು, ಯಾರೇ ಕದ್ದಿದ್ದು ಸಕ್ಕರೆ — ಒಳಗೆ ಚಮಚ ಬಿತ್ತು, ಹಾಲಮ್ಮ ತಿರುಗಲೇ ಇಲ್ಲ, ಅಯ್ಯೋ ಶಿವನೇ, ಕೇಳ್ತದಾ, ಹೂಂ ಕೇಳ್ತದೆ, ಇಷ್ಟು ವರ್ಷ ಹಿಂಗೇ ಬೈಕಂತಿದ್ಯೇನು, ಹೂಂ ಮತ್ತೆ, ಸುಮ್ನೆ ಇರ್ತೀನಾ, ಇನ್ನೊಂದಿಷ್ಟು ಬೈಯಿ ಮಾರಾಯ್ತಿ, ಈ ದನಿ ಕೇಳಿ ಯಾವ ಕಾಲ ಆಯ್ತು — ಡಬ್ಬಿ ಟೀಪಾಯಿಯ ಮೇಲೆ ಖಾಲಿಯಾಗಿ ಉಳಿಯಿತು, ನಾಳೆಯೂ ಬರ್ತೀನಿ ಅಮ್ಮ, ಬಾರಪ್ಪ, ಮಿಷನ್ ತಗಂಡೋಗಕ್ಕಲ್ಲ, ಕಾಫಿಗೆ — ಈಗ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೇನೆ, ಮೇಡಂಗೆ ಮೆಸೇಜು ಹಾಕಿದೆ, ಒಂದು ಹೂವಿನ ಚಿತ್ರ ಬಂತು ವಾಪಸ್, ಪೇಪರ್ ಟೌನಿನಲ್ಲಿ ಮಿಷನ್ ಹಾಕಿಸಿಕೊಂಡವರು ಇನ್ನೊಬ್ಬರಿದ್ದಾರೆ, ಅವರ ಮನೆಯಲ್ಲಿ ಮೊದಲು ಗಂಟಲು ನೋಡಬೇಕು, ಗಂಟಲು ಅಂದಾಗ ಮತ್ತೆ ಆ ತಲೆ, ನಿಧಾನವಾಗಿ ತಿರುಗುವುದು, ಬ್ಯಾಟರಿ ಸೆಲ್ ಎರಡು ಪ್ಯಾಕೆಟ್ ತರಬೇಕಿತ್ತು, ಮತ್ತೆ ಆ ತಲೆ, ರಸ್ತೆ ದಾಟಬೇಕು, ಲಾರಿ ಬರುತ್ತಿದೆ, ನಿಂತೆ, ಕುರ್ಚಿಯಲ್ಲಿ ಕೂತ ಮುದುಕನ ತಲೆ, ಕಿವಿಯ ಹತ್ತಿರ ನಿಂತುಬಿಟ್ಟ ಕೈ, ಬೆನ್ನು ಹಾಕಿದ ದನಿಯೊಂದರ ಕಡೆಗೆ ತಿರುಗುತ್ತಿರುವ ತಲೆ —