ಐದನೇ ಓವರ್

ಭೋಜರಾಜ ಹೆಗಲು ಕೊಟ್ಟದ್ದೇ ಹೆಣ ಮಲಗಿಸಿದ್ದ ಮಯ್ಯತ್ತಿನ ಮಂಚ ಒಂದು ಕಡೆಗೆ ವಾಲಿತು. ಅವನು ಉಳಿದವರಿಗಿಂತ ಗೇಣು ಎತ್ತರ.

"ಸ್ವಲ್ಪ ಬಗ್ಗಿ, ಕ್ಯಾಪ್ಟನ್," ಮುಂದಿದ್ದ ಫಾಹಿಮ್ ತಿರುಗಿ ನೋಡದೆ ಹೇಳಿದ. ತೀರಿಕೊಂಡ ಮೋನುವಿನ ತಂಗಿಯ ಮಗ ಅವನು. ಒಮಾನಿನ ಸೊಹಾರಿನಲ್ಲಿ ಆರು ವರ್ಷ ಮಾವನ ರೂಮಿನಲ್ಲೇ ಇದ್ದವನು.

ಭೋಜರಾಜ ಬಗ್ಗಿದ. ಬುಧವಾರ ಡ್ಯೂಟಿ ಮುಗಿಸಿ ಕಂಪನಿ ಬಸ್ಸು ಹತ್ತಿದ ಮೋನು ಕ್ಯಾಂಪಿನಲ್ಲಿ ಇಳಿಯಲೇ ಇಲ್ಲ. ನಿದ್ದೆ ಬಂದಿರಬೇಕೆಂದು ಡ್ರೈವರ್ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು. ಕಾಗದಪತ್ರ ಎಲ್ಲ ಮುಗಿದು ದಫನಿಗೆ, ಅಂದರೆ ಮಣ್ಣು ಮಾಡಲು, ಸಮಯ ಸಿಕ್ಕಿದ್ದೂ ಶುಕ್ರವಾರ ಬೆಳಿಗ್ಗೆಯೇ, ಸರಿಯಾಗಿ ವಾರದ ಕ್ರಿಕೆಟ್ ಮ್ಯಾಚಿನ ಹೊತ್ತಿಗೆ. ಎದುರು ತಂಡಕ್ಕೆ ಮ್ಯಾಚ್ ಬಿಟ್ಟುಕೊಟ್ಟು ಬಂದ ಹುಡುಗರು ನೀಲಿ ಜೆರ್ಸಿಯಲ್ಲೇ ಬಿಸಿಲಿಗೆ ನಿಂತಿದ್ದರು.

ಮಂಚ ಇಳಿಸಿದ ಮೇಲೆ ಶೈಲೇಶ್ ಬೆವರು ಒರೆಸಿಕೊಂಡ. ಭೋಜರಾಜನ ಹೆಂಡತಿಯ ತಮ್ಮ, ತಂಡದಲ್ಲಿ ಕೊನೇ ಓವರಿನ ಖಾಯಂ ಬೌಲರ್.

"ಕೆಲಸದಲ್ಲಿ ಅವನ ಹಾಗೆ ಇನ್ನೊಬ್ಬ ಸಿಗ್ಲಿಕ್ಕಿಲ್ಲ," ಎಂದ. "ಆ ಫೈನಲಲ್ಲಿ ಹಾಗೆ ಮಾಡ್ಬಾರ್ದಿತ್ತು, ಅಷ್ಟೇ."

"ಎಂತ ಮಾಡಿದ್ರು?" ಫಾಹಿಮ್ ಕೇಳಿದ.

"ಈಗ ಬೇಡ ಬಿಡು ಮಾರಾಯ."

"ನೀವೇ ತೆಗ್ದದ್ದು. ಹೇಳಿ."

"ನಾಲ್ಕು ಓವರ್ ಮುಗಿದವ ಬಾಯಿ ಮುಚ್ಚಿಕೊಂಡು ಐದನೇದು ಹಾಕಿದ. ಕಪ್ ಹೋಯ್ತು."

ಫಾಹಿಮ್ ಭೋಜರಾಜನ ಕಡೆ ತಿರುಗಿದ. "ಕ್ಯಾಪ್ಟನ್, ನೀವೆಂತ ಹೇಳ್ತೀರಿ?"

"ಸತ್ತವನ ಎದುರು ಅದೆಲ್ಲ ಎಂತಕ್ಕೆ," ಎಂದ ಭೋಜರಾಜ. ಹೇಳಿದ ಮರುಕ್ಷಣವೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

*

ಅಲ್ಯೂಮಿನಿಯಂ ಪ್ಲಾಂಟಿನಲ್ಲಿ ಮೋನುವಿನ ಹುದ್ದೆ ರಿಲೀವರ್. ಯಾರು ರಜೆ ಹೋಗಲಿ, ನಮಾಜಿಗೆ ಹೋಗಲಿ, ಚಾಕ್ಕೆ ಹೋಗಲಿ, ಅವರ ಕುರ್ಚಿಗೆ ಇವನು. ಅವರು ಬಂದರೆ ಏಳಬೇಕು. ಹದಿನೇಳು ವರ್ಷವಾದರೂ ತನ್ನದೆಂದು ಒಂದು ಕುರ್ಚಿಯಿಲ್ಲ.

ತಂಡದಲ್ಲೂ ಅದೇ ಹಣೆಬರಹ. ಮೊದಲೆರಡು ವರ್ಷ ಬರೀ ಚೆಂಡು ಹೆಕ್ಕಿದ. ಯಾರೋ ಊರಿಗೆ ಹೋದಾಗ ಎಂಟನೇ ಓವರ್ ಸಿಕ್ಕಿತು. ಆಮೇಲೆ ಹನ್ನೆರಡನೇದು, ಹದಿನೈದನೇದು. ಜೋರಾಗಿ ಕೈ ಬೀಸಿ ಮೆಲ್ಲನೆ ಬಿಡುವ ಅವನ ಎಸೆತಕ್ಕೆ ಬ್ಯಾಟು ಮೊದಲೇ ತಿರುಗಿ ಹೋಗಿರುತ್ತಿತ್ತು. ಹದಿನೆಂಟನೇ ಓವರಿಗೆ ಬಂದು ಮುಟ್ಟಲು ಎಂಟು ವರ್ಷ ಹಿಡಿಯಿತು. ಇಪ್ಪತ್ತನೇದು ಮಾತ್ರ ಕ್ಯಾಪ್ಟನ್ನಿನ ಬಾವನೆಂಟ ಶೈಲೇಶನಿಗೆ.

"ಲಾಸ್ಟ್ ಓವರ್ ಒಮ್ಮೆ ನಂಗೆ ಕೊಡಿ ಮಾರಾಯ್ರೆ," ಎಂದು ಪ್ರತೀ ಶುಕ್ರವಾರ ನಗುತ್ತಾ ಕೇಳುತ್ತಿದ್ದ.

"ಬರ್ತದೆ, ಬರ್ತದೆ," ಎನ್ನುತ್ತಿದ್ದ ಭೋಜರಾಜ.

ಬಂದದ್ದು ಮೂರು ವರ್ಷದ ಹಿಂದಿನ ಫೈನಲಿನಲ್ಲಿ. ಎದುರಿನವರಿಗೆ ಆರು ಎಸೆತದಲ್ಲಿ ಏಳು ರನ್ ಬೇಕು. ಶೈಲೇಶನ ಕಾಲು ಉಳುಕಿತ್ತು. ಭೋಜರಾಜ ಚೆಂಡನ್ನು ಮೋನುವಿನ ಕಡೆ ಎಸೆದ.

"ಕ್ಯಾಪ್ಟನ್, ನಂದು ನಾಲ್ಕು ಆಯ್ತಲ್ಲ. ಒಬ್ಬನಿಗೆ ನಾಲ್ಕೇ ಅಲ್ವಾ?"

"ಯಾರಿಗೆ ನೆನಪಿರ್ತದೆ? ಹಾಕು. ಲಾಸ್ಟ್ ಓವರ್ ಬೇಕು ಅಂತಿದ್ದಿಯಲ್ಲ!"

ಮೋನು ಕೈಯಲ್ಲಿದ್ದ ಚೆಂಡನ್ನೇ ನೋಡಿದ. ಆಸೆ ಯಾರನ್ನು ಬಿಟ್ಟಿದೆ? ಹಾಕಿದ. ನಾಲ್ಕು ಎಸೆತ, ಎರಡು ವಿಕೆಟ್, ಒಂದೇ ರನ್. ಐದನೇ ಎಸೆತಕ್ಕೆ ಓಡಿ ಬರುವಷ್ಟರಲ್ಲಿ ಎದುರು ತಂಡದ ಸ್ಕೋರರ್ ಪುಸ್ತಕ ಹಿಡಿದು ಮೈದಾನಕ್ಕೆ ನುಗ್ಗಿದ.

"ನಂಗೆ ಗೊತ್ತೇ ಇರ್ಲಿಲ್ಲ," ಎಂದ ಭೋಜರಾಜ ಅಂಪೈರಿಗೆ, ಎಲ್ಲರಿಗೂ ಕೇಳುವ ಹಾಗೆ. "ಅವ ಹೇಳ್ಬೇಕಿತ್ತು."

ಮೋನು ಬಾಯಿ ತೆರೆದ, ಮುಚ್ಚಿದ. ಪ್ಲಾಂಟಿನಲ್ಲಿ ಭೋಜರಾಜನೇ ಅವನ ಶಿಫ್ಟ್ ಇನ್‌ಚಾರ್ಜ್. ಮೋನುವಿನ ವೀಸಾ ನವೀಕರಣದ ಕಾಗದ ಆ ವಾರ ಭೋಜರಾಜನ ಮೇಜಿನ ಮೇಲಿತ್ತು. ನಿಯಮ ಮುರಿದದ್ದಕ್ಕೆ ಕಪ್ ಎದುರಿನವರ ಪಾಲಾಯಿತು. ಅಂದಿನಿಂದ ಹುಡುಗರ ಬಾಯಲ್ಲಿ ಅವನು ಕಳ್ಳ ಓವರ್ ಮೋನು. ಮತ್ತೆ ಎಂಟನೇ ಓವರಿಗೇ ಇಳಿದ.

ಕಳೆದ ಭಾನುವಾರ ಆಫೀಸಿಗೆ ಬಂದು ನಿಂತಿದ್ದ. ಈ ಸಲ ನಗಲಿಲ್ಲ.

"ಓವರ್ ಬೇಡ. ಅವತ್ತು ಹಾಕು ಅಂದದ್ದು ನೀವು ಅಂತ ಹುಡುಗರಿಗೆ ಒಮ್ಮೆ ಹೇಳಿ, ಸಾಕು."

"ಶುಕ್ರವಾರ ಎಲ್ಲ ಸೇರ್ತಾರಲ್ಲ," ಎಂದಿದ್ದ ಭೋಜರಾಜ. "ಆಗ ಹೇಳ್ತೇನೆ."

*

ಎಲ್ಲರೂ ಸಾಲಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕಿದರು. ಭೋಜರಾಜನೂ ಹಾಕಿದ. ಒಂದು, ಎರಡು, ಮೂರು. ಮತ್ತೆ ಬಗ್ಗಿ ನಾಲ್ಕನೇ ಹಿಡಿ ಎತ್ತಿದ.

"ತಲಾತಾ, ಖಲಾಸ್," ಎಂದು ಬಿಳಿ ಗಡ್ಡದ ಒಮಾನಿ ಮುದುಕ ಮೂರು ಬೆರಳು ತೋರಿಸಿದ.

ಭೋಜರಾಜ ಮಣ್ಣು ಹಿಡಿದುಕೊಂಡೇ ಹಿಂದೆ ಸರಿದ. ಪಕ್ಕದಲ್ಲಿ ಫಾಹಿಮ್ ಇದ್ದ.

"ಫಾಹಿಮ್, ಆ ಓವರ್... ಹಾಕು ಅಂದದ್ದು ನಾನು."

"ಗೊತ್ತುಂಟು. ಅವತ್ತು ರೂಮಿಗೆ ಬಂದು ಮಾಮ ಅತ್ತಿದ್ರು." ಫಾಹಿಮ್ ಹುಡುಗರ ಕಡೆ ಕೈ ತೋರಿಸಿದ. "ನಂಗೆ ಹೇಳಿ ಎಂತ ಪ್ರಯೋಜನ? ಅವರಿಗೆ ಹೇಳಿ."

ನೀಲಿ ಜೆರ್ಸಿಗಳು ಆಗಲೇ ಕಂಪನಿ ಬಸ್ಸು ಹತ್ತುತ್ತಿದ್ದವು. ಭೋಜರಾಜ ದಾಪುಗಾಲು ಹಾಕಿದ. ಮೆಟ್ಟಿಲು ಹತ್ತಿ, ಎಡಗೈಯಿಂದ ಕಂಬಿ ಹಿಡಿದು, ಸೀಟುಗಳ ಕಡೆ ಮುಖ ಮಾಡಿ ನಿಂತ. ಹನ್ನೆರಡು ಮುಖಗಳು ಅವನನ್ನೇ ನೋಡಿದವು.

"ಎಂತ ಬಾವ? ಕೂತುಕೊಳ್ಳಿ," ಎಂದ ಶೈಲೇಶ್.

ಭೋಜರಾಜ ಬಾಯಿ ತೆರೆದ, ಮುಚ್ಚಿದ. ಡ್ರೈವರ್ ಗೇರು ಹಾಕಿದ. ಕಿಟಕಿಯ ಬದಿಯಲ್ಲಿ ಒಂದೇ ಒಂದು ಸೀಟು ಖಾಲಿಯಿತ್ತು. ಬುಧವಾರದಿಂದ ಅದರಲ್ಲಿ ಯಾರೂ ಕೂತಿರಲಿಲ್ಲ. ಭೋಜರಾಜ ಕೂತ.

ಶೈಲೇಶ್ ನೀರಿನ ಬಾಟಲಿ ಚಾಚಿದ. "ಕೈ ತೊಳ್ಕೊಳ್ಳಿ."

ಭೋಜರಾಜನ ಬಲಮುಷ್ಟಿ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗೆಲ್ಲ ಬೆರಳ ಸಂದಿಯಿಂದ ಅವನ ನೀಲಿ ಜೆರ್ಸಿಯ ಅಂಚಿನ ಮೇಲೆ ಮಣ್ಣು ಉದುರುತ್ತಿತ್ತು.