ರೇಡಿಯೊದಲ್ಲಿ ಬೆಟ್ಟದಪುರ

ಸಾಸಿವೆ ಸಿಡಿಯಿತೋ ರೇಡಿಯೊ ಸಿಡಿಯಿತೋ, ಎರಡೂ ಒಂದೇ ಥರ ಚರಚರ ಅಂದವು, ಆಮೇಲೆ ಆ ಹುಡುಗಿಯ ಜೇನು ಸುರಿದಂಥ ದನಿ, ಈಗ ಹುಣಸೂರಿನ ನಿವೃತ್ತ ಉಪಾಧ್ಯಾಯ ಶ್ರೀ ವೀರಭದ್ರಸ್ವಾಮಿಯವರಿಂದ ಪ್ರವಾಸದ ನೆನಪುಗಳು, ನಾ ಕಂಡ ಕೋಟೆ ಕೊತ್ತಲಗಳು — ನಡುಮನೆಯಲ್ಲಿ ಕುರ್ಚಿ ಎಳೆದ ಸದ್ದು, ಶ್ ಶ್ ಅಂತ ಇವರು ಎಲ್ಲರ ಬಾಯಿ ಮುಚ್ಚಿಸುವುದು, ಗೌರಿ, ಒಗ್ಗರಣೆ ಸದ್ದು ಕಡಿಮೆ ಮಾಡೇ, ನನ್ನ ಭಾಷಣ ಶುರುವಾಯ್ತು. ಒಗ್ಗರಣೆಯ ಸದ್ದನ್ನು ಹೇಗೆ ಕಡಿಮೆ ಮಾಡುವುದು ಮಹಾರಾಯರೇ, ಅದಕ್ಕೇನು ಗುಂಡಿ ಇದೆಯೇ, ಇದ್ದಿದ್ದರೆ ನಿಮಗೊಂದು ಮೊದಲು ಹಾಕಿಸುತ್ತಿದ್ದೆ, ಮದುವೆಯಾದಾಗಿನಿಂದ ಕೇಳಿದ್ದೇನೆ ಈ ದನಿಯನ್ನು, ಊಟಕ್ಕೆ ಕೂತರೆ ಗಂಗರು, ಕೈ ತೊಳೆಯುವಾಗ ಚೆಂಗಾಳ್ವರು, ಈಗ ಗೋಡೆಯ ಗೂಡಿನಲ್ಲಿ ಕೂತು ಇಡೀ ಜಿಲ್ಲೆಗೆ ಹೇಳುತ್ತಿದೆ. ಕೇಳಲಿಕ್ಕೆ ಪಕ್ಕದ ಮನೆ ನಿಂಗರಾಜು ಬಂದಿದ್ದಾನೆ, ಜೀಪಿನವನು, ಭಾನುವಾರಕ್ಕೆ ಅವನ ಜೀಪನ್ನೇ ಗೊತ್ತು ಮಾಡಿರುವುದು. ಭಾನುವಾರ ಬೆಟ್ಟದಪುರವಂತೆ. ಪವಿತ್ರಾಳನ್ನು ಕರೆದುಕೊಂಡು ಹೋಗುತ್ತಾರಂತೆ, ಐದು ತಿಂಗಳ ಬಸುರಿ ಮಗಳನ್ನು, ತೌರಿಗೆ ನಾಲ್ಕು ದಿನ ಮೈ ಚಾಚಲು ಬಂದವಳನ್ನು ಆ ಬೆಟ್ಟದ ಮೆಟ್ಟಿಲು ಹತ್ತಿಸುತ್ತಾರಂತೆ. ನಿನ್ನೆ ಬೇಡ ಅಂದೆ. ನಕ್ಕರು. ಬಸುರಿ ಅಂದ್ರೆ ಕಾಯಿಲೆಯೇನೇ, ನೀನೂ ಹತ್ತಿರಲಿಲ್ವಾ ಆಗ. ಅವಳೂ ಅಷ್ಟೇ, ಅಮ್ಮ, ಡಾಕ್ಟರೇ ಚೆನ್ನಾಗಿ ನಡೀಬೇಕು ಅಂದಿದಾರೆ, ನೀನು ಸುಮ್ನೆ ಹೆದರಿಸ್ತೀಯ. ನೀನೂ ಹತ್ತಿರಲಿಲ್ವಾ ಆಗ — ಆ ಬಾಯಲ್ಲಿ ಆ ಮಾತು, ಒಂದಿಷ್ಟು ತಡವರಿಸದೆ, ನುಣ್ಣಗೆ, ಬಾಳೆಹಣ್ಣು ಸುಲಿದ ಹಾಗೆ.

ಚುಂಚನಕಟ್ಟೆ ಬಂತು ರೇಡಿಯೊದಲ್ಲಿ. ಕೆ.ಆರ್. ನಗರದಿಂದ ಕೊಂಚ ದೂರದಲ್ಲಿ ಕಾವೇರಿ ಬಂಡೆಗಳ ಮೇಲೆ ನರ್ತಿಸುತ್ತಾಳೆ, ಪ್ರಿಯ ಶ್ರೋತೃಗಳೇ, ಅಲ್ಲಿ ನನ್ನ ಕುಟುಂಬ ಮೈಮರೆಯಿತು. ಮೈಮರೆತದ್ದು ನಿಜ, ಹಿಂದಲೆ ಬಂಡೆಗೆ ಬಡಿದಿತ್ತು. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗು, ಗೋಪುರ ಬರ್ತಿಲ್ಲ, ಇನ್ನೊಂದು, ಇನ್ನೂ ಒಂದು — ಕ್ಯಾಮೆರಾಕ್ಕೆ ಕಣ್ಣಿಟ್ಟ ಗಂಡ ಹೇಳುತ್ತಾನೆ, ಹೆಂಡತಿ ಹಿಂದಕ್ಕೆ ಹೋಗುತ್ತಾಳೆ, ಪಾಚಿಯ ಮೇಲೆ ಕಾಲಿಡುತ್ತಾಳೆ, ಆಕಾಶ ನೋಡುತ್ತಾಳೆ, ಮೊಣಕೈ ಬಿರಿಯುತ್ತದೆ, ಹೆಗಲ ಬ್ಯಾಗು ನೀರಿಗೆ ಜಾರುತ್ತದೆ, ಆಗ ಕಿವಿಗೆ ಬಿದ್ದ ಮೊದಲ ಕೂಗು ಬ್ಯಾಗು ಬ್ಯಾಗು, ರೀಲು ಅದರಲ್ಲಿದೆ. ಬ್ಯಾಗಿನ ಹಿಂದೆ ಓಡಿದರು. ಹಿಡಿದರು ಕೂಡ. ಆ ಫೋಟೊ ಈಗಲೂ ಗೋಡೆಯ ಮೇಲಿದೆ, ಗೋಪುರ ಪೂರ್ತಿ, ನಾನು ಅರ್ಧ. ಅದನ್ನು ಒರೆಸುವುದೂ ನಾನೇ. ಆಮೇಲೆ ಎಚ್.ಡಿ. ಕೋಟೆ, ಅಲ್ಲಿನ ಜನರ ಆತಿಥ್ಯ ಮರೆಯಲಾಗದ್ದು ಅನ್ನುತ್ತಿದೆ ರೇಡಿಯೊ, ಹೌದು, ಆ ಆತಿಥ್ಯ ಕಂಡದ್ದು ನಾನು, ನೀವಲ್ಲ, ನೀವು ಅಂತರಸಂತೆಯ ಕಡೆ ವೀರಗಲ್ಲು ನೋಡಲು ಹೋಗಿದ್ದಿರಿ, ಈಗ ಬಂದೆ ಅಂತ, ನಾನು ಬಸ್‌ಸ್ಟ್ಯಾಂಡಿನ ಸಿಮೆಂಟ್ ಕಟ್ಟೆಯ ಮೇಲೆ, ತೊಡೆಯ ಮೇಲೆ ಪವಿತ್ರಾ, ಮೂರು ವರ್ಷದವಳು, ಮೈ ಹೆಂಚಿನ ಹಾಗೆ ಕಾದಿದೆ, ಹೂ ಮಾರುವವಳೊಬ್ಬಳು ಹೂವಿನ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆ ತೆಗೆದು ಮಗುವಿನ ಹಣೆಗೆ ಹಾಕಿದಳು, ಹೂ ಬಾಡಿದ್ರೆ ಬಾಡ್ಲಿ ಬುಡವ್ವ ಅಂದಳು. ಸಂಜೆ ಬಂದಿರಿ, ಪ್ಯಾಂಟೆಲ್ಲ ಧೂಳು, ಮುಖವೆಲ್ಲ ಹೊಳಪು, ಗೌರಿ, ಆ ವೀರ ಹುಲಿಯ ಜೊತೆ ಹೋರಾಡಿ ಸತ್ತವನು ಕಣೇ, ಆ ಕಣ್ಣು ನೋಡ್ಬೇಕಿತ್ತು ನೀನು, ಕಲ್ಲಿನಲ್ಲೂ ಎಂಥಾ ನೋವು. ಕಲ್ಲಿನ ನೋವು ಕಾಣುತ್ತದೆ ಇವರಿಗೆ. ಸವೆದುಹೋದ ಅಕ್ಷರಕ್ಕೆ ನೀರು ಚಿಮುಕಿಸಿ ಓದುತ್ತಾರೆ, ಎದುರಿಗೆ ನಿಂತ ಹೆಂಗಸಿನ ಮುಖ ಓದಲು ಬರುವುದಿಲ್ಲ. ಡಿಕಾಕ್ಷನ್ ಇಳಿಯುತ್ತಿದೆ, ತೊಟ್ಟು ತೊಟ್ಟು, ಹಾಲು ಉಕ್ಕಲಿ, ಉಕ್ಕಿ ಒಲೆಯ ಮೇಲೆ ಸುರಿಯಲಿ ಅನ್ನಿಸುತ್ತದೆ, ಆದರೂ ಕೈ ತಾನಾಗಿ ಹೋಗಿ ಉರಿ ಸಣ್ಣ ಮಾಡುತ್ತದೆ, ಈ ಕೈಯ ಮೇಲೂ ಸಿಟ್ಟು ನನಗೆ.

ಇನ್ನು ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ — ಬಂತು, ಬಂದೇಬಿಟ್ಟಿತು, ಲೋಟ ಜೋಡಿಸುತ್ತಿದ್ದ ಕೈ ನಿಂತಿತು. ಬೆಳಗಿನ ಬಸ್ಸು, ನಾನು ಹೊಸ ಮದುಮಗಳಲ್ಲದಿದ್ದರೂ ಹಳಬಳೂ ಅಲ್ಲ, ನಾಲ್ಕು ತಿಂಗಳು ತುಂಬಿತ್ತು, ಮಂಜು ಇನ್ನೂ ಕರಗಿರಲಿಲ್ಲ, ಮೊದಲ ನೂರು ಮೆಟ್ಟಿಲು ಹಾಡಿಕೊಂಡು ಹತ್ತಿದೆ, ಆಮೇಲೆ ಸೊಂಟದಲ್ಲಿ ಯಾರೋ ದಾರ ಕಟ್ಟಿ ಎಳೆದ ಹಾಗೆ, ರೀ, ಸ್ವಲ್ಪ ಕೂರೋಣ. ಬಿಸಿಲೇರಿದ್ರೆ ಶಾಸನದ ಅಕ್ಷರ ಕಾಣಲ್ಲ ಗೌರಿ, ನಡಿ ನಡಿ. ನಡೆದೆ. ಅರ್ಧ ದಾರಿಯ ಮಂಟಪದಲ್ಲಿ ಆ ದಾರ ಗಂಟಾಯಿತು, ಕಂಬ ಹಿಡಿದು ಕುಸಿದೆ. ನೀನಿಲ್ಲೇ ಕೂತಿರು, ನಾನು ಬೇಗ ನೋಡ್ಕೊಂಡು ಬರ್ತೀನಿ ಅಂದರು, ಹೋದರು, ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರುತ್ತಾ, ಬಿಳಿ ಶರ್ಟಿನ ಬೆನ್ನು ಸಣ್ಣದಾಗುತ್ತಾ ಹೋಯಿತು, ಒಮ್ಮೆಯೂ ತಿರುಗಲಿಲ್ಲ. ಮಜ್ಜಿಗೆ ಮಡಕೆ ಇಟ್ಟುಕೊಂಡು ಕೂತಿದ್ದ ಮುದುಕಿ, ಪುಟ್ಟಮಲ್ಲಮ್ಮ, ನನ್ನ ಮುಖ ನೋಡಿದವಳೇ ಎದ್ದು ಬಂದಳು, ಎಷ್ಟು ತಿಂಗ್ಳವ್ವಾ ಅಂದಳು, ನಾನು ಬೆರಳು ತೋರಿಸಿದೆ, ಅಯ್ಯೋ ನಿನ್ ಗಂಡನ್ ಕಣ್ಣಿಗೇನಾಗಿತ್ತವ್ವಾ, ಬಸುರಿ ಎಂಗ್ಸನ್ನ ಬೆಟ್ಟ ಅತ್ತುಸ್ತನಲ್ಲ ಅಂದಳು, ತನ್ನ ಸೆರಗು ಮಡಿಸಿ ತಲೆಯಡಿಗೆ ಇಟ್ಟಳು, ಪಾದ ತಿಕ್ಕಿದಳು, ತಿಕ್ಕುತ್ತಲೇ ಬೆಟ್ಟದ ತುದಿಗೆ ಬೈದಳು, ದೇವರಿಗೋ ಇವರಿಗೋ ಗೊತ್ತಾಗಲಿಲ್ಲ. ಇವರು ಇಳಿದು ಬಂದಾಗ ನೆರಳು ಕಾಲಡಿಗೆ ಬಂದಿತ್ತು. ಅದ್ಭುತ ಗೌರಿ, ನೀನು ನೋಡ್ಲೇಬೇಕಿತ್ತು. ಸೀದಾ ಮನೆಗೆ ಹೋಗಬಹುದಿತ್ತು. ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಬೇಕು, ಮುಂದಿನ ಬಸ್ಸಿಗೆ ಹೊತ್ತಿದೆ, ಸುಮ್ಮನೆ ಕೂರೋ ಬದಲು ಕೋಟೆ ನೋಡಿಬಿಡೋಣ ಅಂದರು. ಕೋಟೆಯೇ ಅದು, ಬಿದ್ದ ಮಣ್ಣು, ಲಾಂಟಾನ ಪೊದೆ, ಹೂಳು ತುಂಬಿದ ಕಂದಕ, ಅದರ ದಂಡೆಯ ಮೇಲೆ ನಿಂತಿದ್ದೇನೆ, ಪೆಟಿಕೋಟು ತೊಡೆಗೆ ಅಂಟುತ್ತಿದೆ, ಇವರು ಕೈ ಚಾಚಿ ಶತ್ರು ಯಾವ ಕಡೆಯಿಂದ ಬಂದ ಅಂತ ತೋರಿಸುತ್ತಿದ್ದಾರೆ. ರೀ, ನನಗೆ ರಕ್ತ ಹೋಗ್ತಾ ಇದೆ. ತಿರುಗಿದರು, ನನ್ನ ಕಡೆ ಅಲ್ಲ, ಆಚೆ ಈಚೆ, ಯಾರಾದರೂ ಕೇಳಿಸಿಕೊಂಡರೋ ಅಂತ. ಮೆತ್ತಗೆ ಮಾತಾಡು, ಮನೆಗೆ ಹೋಗಿ ಅಮ್ಮನ ಹತ್ರ ಹೇಳು, ಆ ಬತೇರಿ ಒಂದು ನೋಡಿಬಿಡೋಣ.

ನೋಡಿದೆವು ಬತೇರಿಯನ್ನು, ಆ ಮುರುಕು ಕಾವಲು ಬುರುಜನ್ನು. ಮಾರನೆಯ ದಿನ ಆಸ್ಪತ್ರೆಯ ನರ್ಸು ಬಕೆಟ್ಟಿಗೆ ಬಟ್ಟೆ ಮುಚ್ಚಿ ಎತ್ತಿಕೊಂಡು ಹೋದಳು. ಅತ್ತೆ ಬಾಗಿಲು ಹಾಕಿ ಹೇಳಿದರು, ಯಾರ ಮುಂದೂ ಬಾಯಿ ಬಿಡಬ್ಯಾಡ, ಮುಂದಿನದಕ್ಕೆ ಕಣ್ಣು ಬೀಳ್ತದೆ, ಬಿಡಲಿಲ್ಲ, ಪವಿತ್ರಾ ಹುಟ್ಟಿದಳು, ಆಗಲೂ ಬಿಡಲಿಲ್ಲ, ಅತ್ತೆ ಸತ್ತರು, ಆಗಲೂ. ಇವರು ಬಚ್ಚಿಟ್ಟಿದ್ದಾರೆ ಅಂದುಕೊಂಡಿದ್ದೆ ಎಷ್ಟೋ ವರ್ಷ, ಗಂಡಸು, ಒಳಗೇ ನೊಂದುಕೊಂಡಿರಬಹುದು ಅಂತ, ಅದೊಂದು ಸಮಾಧಾನವಿತ್ತು, ನಿನ್ನೆ ಅದೂ ಹೋಯಿತು, ನೀನೂ ಹತ್ತಿರಲಿಲ್ವಾ ಆಗ — ಬಚ್ಚಿಟ್ಟಿಲ್ಲ, ಮರೆತಿದ್ದಾರೆ. ಶಾಸನದ ಹದಿನೇಳು ಸಾಲೂ ಬಾಯಿಪಾಠ, ಇದು ಮರೆತುಹೋಗಿದೆ. ರೇಡಿಯೊ ನಗುತ್ತಿದೆ ಈಗ, ಇವರ ನಗು, ನನ್ನ ಶ್ರೀಮತಿ ಪಾಪ ಅರ್ಧ ದಾರಿಯಲ್ಲೇ ಸೋತು ಮಂಟಪದಲ್ಲಿ ಕೂತುಬಿಟ್ಟರು, ಏನು ಮಾಡುವುದು ಶ್ರೋತೃಗಳೇ, ಇತಿಹಾಸವನ್ನು ಏರಲು ಗಟ್ಟಿ ಕಾಲು ಬೇಕು. ನಡುಮನೆಯಲ್ಲಿ ನಿಂಗರಾಜು ತೊಡೆ ತಟ್ಟಿ ನಗುತ್ತಾನೆ, ಅಮ್ಮಾರು ಅರ್ಧಕ್ಕೇ ಸೋತೋಗ್ಬುಟ್ರಾ ಮೇಷ್ಟ್ರೇ. ಪವಿತ್ರಾಳೂ ನಗುತ್ತಾಳೆ, ನನ್ನ ಮಗಳು, ಅಪ್ಪನ ನಗುವೇ ಅದು, ಅಮ್ಮ ಸೋತ್ರೆ ಸೋಲ್ಲಿ, ಭಾನುವಾರ ನಾನು ತುದಿ ಮುಟ್ಟೇ ಮುಟ್ತೀನಿ ಅಪ್ಪ.

ಕಾಫಿಯ ತಟ್ಟೆ ಹಿಡಿದು ಹೋದೆ. ಮೇಜಿನ ಮೇಲೆ ಇಟ್ಟೆ, ಒಂದು ಹನಿ ಚೆಲ್ಲಲಿಲ್ಲ, ಗೂಡಿನ ಹತ್ತಿರ ಹೋಗಿ ರೇಡಿಯೊ ಆರಿಸಿದೆ. ಪವಿತ್ರಾ, ಭಾನುವಾರ ನೀನು ಎಲ್ಲಿಗೂ ಹೋಗಲ್ಲ. ದನಿ ನನ್ನದೇ. ನಿನಗಿಂತ ಮುಂಚೆ ಒಂದಿತ್ತು ನನ್ನ ಹೊಟ್ಟೇಲಿ. ಆ ಮೆಟ್ಟಿಲ ಮೇಲೆ ನೋವು ಶುರುವಾಯ್ತು, ನಿಮ್ಮಪ್ಪ ಮೇಲೆ ಹೋಗಿ ಕಲ್ಲು ಓದ್ತಿದ್ರು. ಕೋಟೆ ಹತ್ರ ರಕ್ತ ಹೋಗ್ತಿದೆ ಅಂತ ಹೇಳ್ದೆ, ಬತೇರಿ ನೋಡೋಣ ಅಂದ್ರು. ನಾನು ಸೋತು ಕೂತಿರಲಿಲ್ಲ ಪವಿತ್ರಾ. ಪವಿತ್ರಾಳ ಕೈ ಹೊಟ್ಟೆಯ ಮೇಲೆ ಹೋಯಿತು, ಅಲ್ಲೇ ಉಳಿಯಿತು. ನಿಂಗರಾಜು ಎದ್ದು ನಿಂತ, ಟವೆಲ್ಲು ಹೆಗಲಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ, ಬತ್ತೀನಿ ಕಣ್ರವ್ವಾ ಅಂದ. ಜೀಪು ಬೇಡ ನಿಂಗರಾಜಣ್ಣ, ಅಂದಳು ಪವಿತ್ರಾ, ಅಪ್ಪನ ಕಡೆ ನೋಡದೆ ನನ್ನ ಕಡೆಯೇ ನೋಡುತ್ತಾ. ಸರಿ ಬುಡು ತಾಯಿ, ಅಂದು ಚಪ್ಪಲಿ ಕೈಯಲ್ಲೇ ಹಿಡಿದು ಹೊರಟುಹೋದ. ಈಗ ಹೇಳಲಿ ಇವರು, ಏನಾದರೂ, ಬೈಯಲಿ, ಸುಳ್ಳು ಅನ್ನಲಿ, ಹೌದೇ ಗೌರಿ ಅನ್ನಲಿ, ಒಂದು ಮಾತು, ತಿರುಗಿ ನೋಡುತ್ತೇನೆ, ಇವರು ನನ್ನನ್ನು ನೋಡುತ್ತಿಲ್ಲ, ಆರಿದ ರೇಡಿಯೊವನ್ನು ನೋಡುತ್ತಿದ್ದಾರೆ, ತುಟಿ ಅಲುಗುತ್ತಿದೆ, ನನಗೆ ಅನ್ನುತ್ತಿರುವುದೇನೋ ಎಂದು ಹತ್ತಿರ ಬಗ್ಗಿದೆ, ಅಲ್ಲ, ತಿಂಗಳಿಡೀ ಕನ್ನಡಿಯ ಮುಂದೆ ನಿಂತು ಉರು ಹೊಡೆದ ಭಾಷಣ, ರೇಡಿಯೊ ನಿಂತ ಜಾಗದಿಂದ ಮುಂದಕ್ಕೆ ಹೋಗುತ್ತಿದೆ, ಸದ್ದಿಲ್ಲದೆ, ಅಕ್ಷರ ಅಕ್ಷರವೂ ತುಟಿಯ ಮೇಲೆ ಕಾಣುತ್ತದೆ, ಕಂದಕ, ಬತೇರಿ, ಪ್ರಿಯ ಶ್ರೋತೃಗಳೇ, ತುಟಿ ಮಾತ್ರ, ಮುಚ್ಚಿ ತೆರೆದು, ಮುಚ್ಚಿ ತೆರೆದು, ಆ ತುಟಿ —